ತಳ ಉಜ್ಜುವ ಕಾರು: ನಂಬಿದ್ದೆಷ್ಟು, ನಿಜವೆಷ್ಟು?

ತುಮಕೂರಿನ ಗುಬ್ಬಿ ಗೇಟ್ ದಾಟಿ ಬಿ.ಎಚ್. ರಸ್ತೆಯಲ್ಲಿ ಗುಬ್ಬಿಯತ್ತ ಹೊರಟವರಿಗೂ ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೊರಟವರಿಗೂ ಒಂದು ಸದ್ದು ಚೆನ್ನಾಗಿ ಗೊತ್ತು. ಹಂಪ್ ಏರಿ ಇಳಿಯುವಾಗ ಕಾರಿನ ಹೊಟ್ಟೆಯಡಿ ಏಳುವ ‘ಗರ್ರ್’ ಸದ್ದು ಅದು. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿಕೊಂಡವರಿಗಂತೂ ಅದು ದಿನನಿತ್ಯದ ಸಂಕಟ. ಸಂಕಟ ಇದ್ದಲ್ಲಿ ಸಲಹೆಗಳಿಗೂ ಬರವಿಲ್ಲ. ಗ್ಯಾರೇಜಿನಲ್ಲಿ ಒಂದು ಮಾತು, ಟೀ ಅಂಗಡಿಯಲ್ಲಿ ಇನ್ನೊಂದು. ಕೆಲವು ಅರ್ಧ ಸತ್ಯ, ಕೆಲವು ಇಂಜಿನ್ನಿಗೇ ಕುತ್ತು ತರುವಂಥವು. ತಳಕ್ಕೆ ಬಿದ್ದ ಏಟಿಗಿಂತ, ಏಟು ಬಿದ್ದ ಮೇಲೂ ‘ಏನೂ ಆಗಿಲ್ಲ’ ಎಂದು ನಂಬಿ ಓಡಿಸಿದ ದೂರವೇ ಎಷ್ಟೋ ಸಲ ಹೆಚ್ಚು ದುಬಾರಿಯಾಗುತ್ತದೆ. ಅದಕ್ಕೇ ಈ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ತಪ್ಪು ಕಲ್ಪನೆ 1: ಗ್ರೌಂಡ್ ಕ್ಲಿಯರೆನ್ಸ್ ಎಷ್ಟೆಂದು ನೋಡಿದರೆ ಸಾಕು, ತಗಲುತ್ತದೋ ಇಲ್ಲವೋ ತಿಳಿಯುತ್ತದೆ.

ಸತ್ಯ: ಆ ಅಂಕಿ ಅರ್ಧ ಕಥೆ ಮಾತ್ರ. ಮೊದಲನೆಯದಾಗಿ, ಕಂಪನಿಗಳು ಕೊಡುವ ಅಳತೆ ಸಾಮಾನ್ಯವಾಗಿ ಖಾಲಿ ಕಾರಿನದು. ಐದು ಜನ ಕೂತು ಡಿಕ್ಕಿ ತುಂಬಿದರೆ ಹಿಂಭಾಗ ಕೆಲವು ಸೆಂಟಿಮೀಟರ್ ಕುಸಿಯುತ್ತದೆ. ಎರಡನೆಯದಾಗಿ, ಹಂಪ್‌ನ ಎತ್ತರಕ್ಕಿಂತ ಅದರ ಆಕಾರ ಮುಖ್ಯ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅದರ ಬಾಗು 17 ಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತಿರಬೇಕು. ಈಗ ಮಾರುತಿ ಸ್ವಿಫ್ಟ್ ತೆಗೆದುಕೊಳ್ಳಿ. ಅದರ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 2.45 ಮೀಟರ್. ಹಂಪ್ 3.7 ಮೀಟರ್ ಅಗಲವಿರುವುದರಿಂದ ಕಾರು ನಟ್ಟನಡುವೆ ಬಂದಾಗ ನಾಲ್ಕೂ ಚಕ್ರಗಳು ಹಂಪ್‌ನ ಮೇಲೇ ಇರುತ್ತವೆ. ಆಗ ಚಕ್ರಗಳ ಮಟ್ಟಕ್ಕಿಂತ ಹಂಪ್‌ನ ನೆತ್ತಿ ಮೇಲೆದ್ದಿರುವುದು ಸುಮಾರು 4.4 ಸೆಂ.ಮೀ. ಮಾತ್ರ. ಅಂದರೆ ಸ್ವಿಫ್ಟನ್ನು 4 ಸೆಂ.ಮೀ. ತಗ್ಗಿಸಿದ್ದರೂ ನಿಯಮದಂತೆ ಕಟ್ಟಿದ ಹಂಪ್ ಅನ್ನು ನಿಧಾನವಾಗಿ ದಾಟಿದರೆ ಹೊಟ್ಟೆ ತಗಲಬೇಕಾಗಿಲ್ಲ. ಬಂಪರಿನ ಮುಂತುದಿ ತೀರಾ ತಗ್ಗಿದ್ದರೆ ಅದು ಮಾತ್ರ ಏರುವಾಗ ಮುಟ್ಟಬಹುದು.

ಊರವರೇ ಸೇರಿ ಒಂದು ಮೀಟರ್ ಅಗಲಕ್ಕೆ 20 ಸೆಂ.ಮೀ. ಎತ್ತರದ ಸಿಮೆಂಟ್ ದಿಬ್ಬ ಹಾಕಿದ್ದರೆ ಲೆಕ್ಕವೇ ಬೇರೆ. ಮುಂದಿನ ಚಕ್ರ ಇಳಿದು, ಹಿಂದಿನ ಚಕ್ರ ಇನ್ನೂ ಹತ್ತದೆ, ಇಡೀ 20 ಸೆಂ.ಮೀ. ದಿಬ್ಬ ಹೊಟ್ಟೆಯಡಿ ನಿಲ್ಲುತ್ತದೆ. ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಅಲ್ಲಿ ಏನೂ ಬದಲಾಯಿಸದ ಕಾರೂ ಉಜ್ಜುತ್ತದೆ.

ತಪ್ಪು ಕಲ್ಪನೆ 2: ಬ್ರೇಕ್ ಒತ್ತಿಕೊಂಡೇ ದಾಟಬೇಕು, ಇಲ್ಲವೇ ಓರೆಯಾಗಿ ಹತ್ತಿಸಿದರೆ ಎಂಥ ಹಂಪ್ ಆದರೂ ತಗಲುವುದಿಲ್ಲ.

ಸತ್ಯ: ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬಂದು ಮೂತಿ ತಗ್ಗುತ್ತದೆ. ಎಲ್ಲಿ ಎತ್ತರ ಬೇಕೋ ಅಲ್ಲೇ ಎತ್ತರ ಕಳೆದುಕೊಂಡಂತಾಯಿತು. ಹಂಪ್‌ಗೆ ಮೊದಲೇ ವೇಗ ಇಳಿಸಿ, ಚಕ್ರ ಏರುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಇಳಿಯುವಾಗ ಅವಸರ ಮಾಡಿದರೆ ಸ್ಪ್ರಿಂಗ್ ಅದುಮಿಕೊಂಡು ಕಾರು ಇನ್ನಷ್ಟು ಕುಸಿಯುತ್ತದೆ. ಬಹಳ ಸಲ ತಳ ಉಜ್ಜುವುದು ಹತ್ತುವಾಗಲ್ಲ, ಇಳಿದ ಕ್ಷಣದಲ್ಲಿ.

ಓರೆಯಾಗಿ ಹತ್ತಿಸುವುದರಿಂದ ಕಿರಿದಾದ, ಕಡಿದಾದ ದಿಬ್ಬಗಳಲ್ಲಿ ಪ್ರಯೋಜನವಿದೆ. ಎರಡೂ ಮುಂಚಕ್ರಗಳು ಒಟ್ಟಿಗೆ ಬೀಳುವುದಿಲ್ಲ, ಬಂಪರ್ ಉಳಿಯುತ್ತದೆ. ಚರಂಡಿಯ ಮೇಲೆ ಕಡಿದಾಗಿ ಕಟ್ಟಿದ ಮನೆ ಗೇಟಿನ ರ‍್ಯಾಂಪ್ ಹತ್ತಿಸುವಾಗಲೂ ಇದೇ ಉಪಾಯ ಕೆಲಸಕ್ಕೆ ಬರುತ್ತದೆ. ಆದರೆ ಓರೆ ತಿರುಗಿಸಲು ಜಾಗ ಬೇಕು. ಬಿ.ಎಚ್. ರಸ್ತೆಯಲ್ಲಿ ಎಡಬಲಕ್ಕೆ ಬೈಕುಗಳು ನುಗ್ಗುವ ಹೊತ್ತಿನಲ್ಲಿ ಕಾರನ್ನು ಅಡ್ಡ ತಿರುಗಿಸುವುದು ಪ್ರಾಣಕ್ಕೆ ಅಪಾಯ.

ತಪ್ಪು ಕಲ್ಪನೆ 3: ಕಾಯಿಲ್ ಒಂದು ಸುತ್ತು ಕತ್ತರಿಸಿದರೆ ಕಡಿಮೆ ಖರ್ಚಿನಲ್ಲಿ ಕಾರು ತಗ್ಗುತ್ತದೆ, ರೇಸ್ ಕಾರಿನ ಹಿಡಿತವೂ ಬರುತ್ತದೆ.

ಸತ್ಯ: ತಗ್ಗುವುದೇನೋ ಹೌದು. ಆದರೆ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಗಡಸುತನ ಶೇ 20ರಷ್ಟು ಏರುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಸ್ಪ್ರಿಂಗಿಗೆ ಹೊಂದುವಂತೆ ಮಾಡಿದ್ದು. ಗಡುಸಾದ ಸ್ಪ್ರಿಂಗಿನ ಕುಣಿತವನ್ನು ಅದಕ್ಕೆ ತಡೆಯಲಾಗುವುದಿಲ್ಲ. ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ; ಚಕ್ರ ಹಳ್ಳಕ್ಕೆ ಇಳಿದಾಗ ಸ್ಪ್ರಿಂಗ್ ಸಡಿಲಗೊಂಡು ಜಾರಲೂಬಹುದು.

ಹಿಡಿತದ ಮಾತಿಗೂ ಮಿತಿಯಿದೆ. ಗುರುತ್ವ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಭಾರ ಒಂದೇ ಕಡೆಗೆ ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ನಮ್ಮ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬಗೆಯ ಸಸ್ಪೆನ್ಷನ್. ಕಾರನ್ನು ಅತಿಯಾಗಿ ತಗ್ಗಿಸಿದಾಗ ಲೋಯರ್ ಆರ್ಮ್‌ನ ಕೋನ ಕೆಟ್ಟು, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ವಾಲುವುದನ್ನು ತಡೆಯಲು ಮಾಡಿದ ಕೆಲಸವೇ ವಾಲುವಿಕೆಗೆ ದಾರಿ ಮಾಡಿಕೊಡುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳಅಂಚು ಬೇಗ ಸವೆಯುತ್ತದೆ. ತಗ್ಗಿದ ರೇಸ್ ಕಾರುಗಳು ಓಡುವುದು ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈನಂಥ ನುಣುಪು ಟ್ರ್ಯಾಕಿನಲ್ಲಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಂಥ ಮಣ್ಣುಹಾದಿಯ ಸ್ಪರ್ಧೆಗೆ ಇಳಿಯುವ ಕಾರುಗಳನ್ನು ಎತ್ತರಿಸಿ, ಕೆಳಗೆ ಗಟ್ಟಿ ಗಾರ್ಡ್ ಕಟ್ಟಿರುತ್ತಾರೆ.

ತಪ್ಪು ಕಲ್ಪನೆ 4: ದೊಡ್ಡ ರಿಮ್ ಹಾಕಿದರೆ ಕಾರು ಎತ್ತರವಾಗುತ್ತದೆ.

ಸತ್ಯ: ಎತ್ತರ ನಿರ್ಧರಿಸುವುದು ಟೈರಿನ ಹೊರವ್ಯಾಸ. ಸ್ವಿಫ್ಟಿನ ಕಡಿಮೆ ಬೆಲೆಯ ಮಾದರಿಗಳ 165/80 ಆರ್14 ಟೈರಿನ ವ್ಯಾಸ ಸುಮಾರು 620 ಮಿ.ಮೀ.; ಮೇಲಿನ ಮಾದರಿಗಳ 185/65 ಆರ್15 ಟೈರಿನದು ಸುಮಾರು 622 ಮಿ.ಮೀ. ರಿಮ್ ಒಂದು ಇಂಚು ದೊಡ್ಡದಾದರೂ ಕಾರು ಏರಿದ್ದು ಒಂದು ಮಿಲಿಮೀಟರ್ ಮಾತ್ರ. ಅದಕ್ಕೂ ದಪ್ಪ ಟೈರ್ ತುರುಕಿದರೆ ತಗ್ಗಿದ ಕಾರಿನಲ್ಲಿ ಅದು ಮಡ್‌ಗಾರ್ಡಿಗೆ ಉಜ್ಜತೊಡಗುತ್ತದೆ.

ತಪ್ಪು ಕಲ್ಪನೆ 5: ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ, ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಿದರೆ ನಿಶ್ಚಿಂತೆ.

ಸತ್ಯ: ಕೋಟಿಂಗ್ ಇರುವುದು ತುಕ್ಕು ಮತ್ತು ಸದ್ದು ತಡೆಯಲು. ಏಟನ್ನು ಅದು ತಡೆಯುವುದಿಲ್ಲ. ಉಜ್ಜಿದ ಜಾಗದಲ್ಲಿ ಕಿತ್ತುಹೋದರೆ ಅದರ ಅಂಚಿನ ಕೆಳಗೆ ನೀರು, ಕೆಸರು ಸೇರಿ ತುಕ್ಕು ಒಳಗೊಳಗೇ ಹಬ್ಬುತ್ತದೆ. ಹಾಗಾಗಿ ಪ್ರತಿ ಮಳೆಗಾಲಕ್ಕೆ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ, ಗೀರು ಬಿದ್ದ ಕಡೆ ಉಜ್ಜಿ ಮತ್ತೆ ಬಳಿಸಬೇಕು.

ಗಾರ್ಡ್ ಒಳ್ಳೆಯದೇ, ಆದರೆ ಅದನ್ನು ಎಲ್ಲಿಗೆ ಕಟ್ಟಿದ್ದಾರೆ ಎಂಬುದು ಮುಖ್ಯ. ಸಬ್‌ಫ್ರೇಮಿಗೆ ಬೋಲ್ಟ್ ಮಾಡಿದ ಗಾರ್ಡ್ ಏಟನ್ನು ಫ್ರೇಮಿಗೆ ದಾಟಿಸುತ್ತದೆ. ಇಂಜಿನ್ನಿನಡಿಯ ಆಯಿಲ್ ಚೇಂಬರಿಗೆ ಅಂಟಿದಂತೆ ಕೂರಿಸಿದ ತಗಡು ಏಟನ್ನು ನೇರ ಚೇಂಬರಿಗೇ ತಲುಪಿಸುತ್ತದೆ. ಜೊತೆಗೆ ಅದು ಇರುವ ಅಲ್ಪ ಎತ್ತರವನ್ನೂ ತಿನ್ನುತ್ತದೆ.

ತಪ್ಪು ಕಲ್ಪನೆ 6: ಎಣ್ಣೆ ಸೋರದಿದ್ದರೆ ಏನೂ ಆಗಿಲ್ಲ, ಊರು ಸೇರಿದ ಮೇಲೆ ನೋಡೋಣ.

ಸತ್ಯ: ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ನಂಬಿಕೆ ಇದು. ಇಂಜಿನ್ನಿನ ಕೆಳಗಿರುವ ಆಯಿಲ್ ಚೇಂಬರಿನ ಒಳಗೆ, ತಳಕ್ಕೆ ತೀರಾ ಹತ್ತಿರದಲ್ಲಿ ಜಾಲರಿಯ ಬಾಯಿಯೊಂದು ಇರುತ್ತದೆ. ಆಯಿಲ್ ಪಂಪ್ ಎಣ್ಣೆ ಹೀರುವುದು ಅದರ ಮೂಲಕ. ಚೇಂಬರ್ ತಗಡಿನದಾದರೆ ಏಟಿಗೆ ಒಡೆಯದೆ ಒಳಕ್ಕೆ ನೆಗ್ಗುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆದರೆ ನೆಗ್ಗಿದ ತಗಡು ಜಾಲರಿಯ ಬಾಯಿಗೆ ಒತ್ತಿಕೊಂಡಿದ್ದರೆ ಎಣ್ಣೆ ಮೇಲೇರದೆ ಬೇರಿಂಗ್‌ಗಳು ಒಣಗುತ್ತವೆ. ಅಲ್ಯೂಮಿನಿಯಂ ಚೇಂಬರ್ ನೆಗ್ಗುವ ಬದಲು ಬಿರುಕು ಬಿಡುತ್ತದೆ. ಕೂದಲೆಳೆ ಬಿರುಕಿನಿಂದ ಎಣ್ಣೆ ನಿಧಾನವಾಗಿ ಒಸರುತ್ತದೆ. ಹೆಬ್ಬೂರಿನಲ್ಲಿ ಬಿದ್ದ ಏಟಿನ ಗುರುತು ಕುಣಿಗಲ್ಲಿನಲ್ಲಿ ಕಾಣಬಹುದು.

ಜೋರಾಗಿ ತಗಲಿತು ಎನಿಸಿದರೆ ಸಮತಟ್ಟು ಜಾಗ ನೋಡಿ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಕಾರಿನಡಿ ಹಳೆಯ ದಿನಪತ್ರಿಕೆ ಹಾಸಿ ಹತ್ತು ನಿಮಿಷ ಕಾಯಿರಿ. ಕಪ್ಪು ಅಥವಾ ಕಂದು ಜಿಡ್ಡಿನ ಕಲೆ ಬಿದ್ದರೆ ಇಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ್ದಾದರೆ ಬಹುಶಃ ಕೂಲೆಂಟ್. ತಿಳಿಯಾಗಿ ಜಾರುವಂತಿದ್ದು, ಬ್ರೇಕ್ ಪೆಡಲ್ಲೂ ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್. ಆ ಕಾರನ್ನು ಒಂದಡಿಯೂ ಓಡಿಸಬಾರದು. ಪೆಟ್ರೋಲ್ ವಾಸನೆ ಬಂದರೆ ಕೀ ತಿರುಗಿಸಲೇಬೇಡಿ. ಎ.ಸಿ.ಯಿಂದ ತೊಟ್ಟಿಕ್ಕುವ ಬರೀ ನೀರಿಗೆ ಗಾಬರಿ ಬೇಡ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಮಾತ್ರ ಯಾವ ಕಾರಣಕ್ಕೂ ನುಸುಳಬೇಡಿ.

ಕಲೆ ಇಲ್ಲ, ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಸರಿಯಿದೆ ಎಂದಾದರೆ ಇಂಜಿನ್ ಶುರು ಮಾಡಬಹುದು. ಎಣ್ಣೆ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಕೂಡಲೇ ಆರಬೇಕು. ಆರದಿದ್ದರೆ, ಇಲ್ಲವೇ ದಾರಿಯಲ್ಲಿ ಮತ್ತೆ ಹೊತ್ತಿಕೊಂಡರೆ ಆ ಕ್ಷಣವೇ ಇಂಜಿನ್ ಆಫ್ ಮಾಡಿ ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಬಿರುಕಿಗೆ ಎಂ-ಸೀಲ್ ಮೆತ್ತುವುದು ತಾತ್ಕಾಲಿಕ ಉಪಾಯವಷ್ಟೇ. ಎಣ್ಣೆ ಜಿಡ್ಡಿನ ಲೋಹಕ್ಕೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಎಲೆಕ್ಟ್ರಿಕ್ ಕಾರಿಗೆ ಚೇಂಬರ್ ಇಲ್ಲವೆಂದು ನಿರಾಳವಾಗುವುದೂ ತಪ್ಪು. ಅದರ ನೆಲದಡಿ ಇಡೀ ಬ್ಯಾಟರಿಯೇ ಇರುತ್ತದೆ. ಅದರ ಪೆಟ್ಟಿಗೆ ನೆಗ್ಗಿದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ತೋರಿಸುವವರೆಗೆ ಚಾರ್ಜಿಗೆ ಹಾಕದಿರುವುದು ಲೇಸು.

ತಪ್ಪು ಕಲ್ಪನೆ 7: ರಸ್ತೆಗೆ ಹರಡಿದ ಒಕ್ಕಣೆ ಹುಲ್ಲು ಮೆತ್ತಗಿರುತ್ತದೆ, ತಳಕ್ಕೆ ಏನೂ ಮಾಡುವುದಿಲ್ಲ.

ಸತ್ಯ: ಗುಬ್ಬಿ, ಕುಣಿಗಲ್ ಸೀಮೆ ರಾಗಿ, ಹುರುಳಿ ಬೆಳೆಯುವ ನಾಡು. ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳೇ ಕಣವಾಗುತ್ತವೆ. ಹುರುಳಿ ಬಳ್ಳಿ ಉದ್ದುದ್ದ, ನಾರುನಾರು. ಅದು ತಿರುಗುವ ಡ್ರೈವ್‌ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರ್ ಕೊಳವೆಗೆ ತಾಗುತ್ತದೆ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವಾಗ ಒಳಗಿನ ತಾಪ 400 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಒಣಹುಲ್ಲು ಹೊತ್ತಲು ಬೇರೆ ಕಿಡಿ ಬೇಕಾಗಿಲ್ಲ. ಹೀಗೆ ಕಾರುಗಳು ಉರಿದುಹೋದ ಘಟನೆಗಳು ಕರ್ನಾಟಕದಲ್ಲಿ ನಡೆದಿವೆ. ತಗ್ಗಿದ ಕಾರು ಹುಲ್ಲನ್ನು ಬಾಚಿಕೊಳ್ಳುವುದು ಇನ್ನೂ ಹೆಚ್ಚು. ಬೇರೆ ದಾರಿಯಿಲ್ಲದಿದ್ದರೆ ನಿಲ್ಲಿಸದೆ ನಿಧಾನವಾಗಿ ದಾಟಿ, ಆಚೆ ಬರಿ ನೆಲದ ಮೇಲೆ ಇಂಜಿನ್ ಆಫ್ ಮಾಡಿ, ಬಗ್ಗಿ ನೋಡಿ, ಕೋಲಿನಿಂದ ಹುಲ್ಲು ಕಿತ್ತು ಮುಂದೆ ಹೋಗಬೇಕು.

ತಪ್ಪು ಕಲ್ಪನೆ 8: ವಿಮೆ ಇದೆಯಲ್ಲ, ಎಲ್ಲ ಅವರೇ ಕೊಡುತ್ತಾರೆ.

ಸತ್ಯ: ಸಮಗ್ರ ವಿಮೆ ಚೇಂಬರಿಗೆ ಬಿದ್ದ ಏಟನ್ನು ಅಪಘಾತವೆಂದು ಒಪ್ಪಬಹುದು. ಅದರಲ್ಲೂ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,000 ರೂಪಾಯಿ ಮಾಲೀಕರೇ ಭರಿಸಬೇಕು. ಆದರೆ ರಿಪೇರಿಗೆ ಮೊದಲೇ ಗಾಡಿ ಓಡಿಸಿ ಹಾನಿ ಹೆಚ್ಚಿದರೆ ಅದು ಮಾಲೀಕರ ಹೊಣೆ ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಎಣ್ಣೆಯಿಲ್ಲದೆ ಸೀಜ್ ಆದ ಇಂಜಿನ್ನಿನ ಖರ್ಚು ಹೆಚ್ಚಾಗಿ ಸಿಗದಿರುವುದು ಇದೇ ಕಾರಣಕ್ಕೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದರೆ ಅದರ ಷರತ್ತುಗಳನ್ನು ಓದಿಟ್ಟುಕೊಳ್ಳಬೇಕು.

ಕಾನೂನಿನ ಮಾತೂ ಇದೆ. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಕಾಯ್ದೆ ಒಪ್ಪದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕಾರು ತಗ್ಗಿಸಿದ್ದನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ಸಮಯದಲ್ಲಿ ತಕರಾರು ಏಳಬಹುದು.

ತಪ್ಪು ಕಲ್ಪನೆ 9: ಹಂಪ್ ಹೇಗಿದ್ದರೂ ಸಹಿಸಿಕೊಳ್ಳಬೇಕು, ಕೇಳುವವರಿಲ್ಲ.

ಸತ್ಯ: ಹಂಪ್‌ಗೆ ಕಪ್ಪು ಬಿಳಿ ಪಟ್ಟೆ ಬಳಿಯಬೇಕು, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇರಬೇಕು ಎಂದು 1988ರ ಐಆರ್‌ಸಿ ಮಾರ್ಗಸೂಚಿ ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿನ ಹಂಪ್ ತೆಗೆಯುವಂತೆ ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಸೂಚಿಸಿದೆ. ಯಾರಿಗೆ ಬರೆಯಬೇಕು ಎಂಬುದು ರಸ್ತೆ ಯಾರದೆಂಬುದರ ಮೇಲೆ ನಿಂತಿದೆ. ತುಮಕೂರಿನ ಒಳರಸ್ತೆಗೆ ಮಹಾನಗರ ಪಾಲಿಕೆ, ಗುಬ್ಬಿಗೆ ಪಟ್ಟಣ ಪಂಚಾಯಿತಿ, ಕುಣಿಗಲ್ಲಿಗೆ ಪುರಸಭೆ, ರಾಜ್ಯ ಹೆದ್ದಾರಿಗೆ ಲೋಕೋಪಯೋಗಿ ಇಲಾಖೆ. ಕುಣಿಗಲ್ ಮೂಲಕ ಹಾಸನದತ್ತ ಸಾಗುವ 75ನೇ ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ ಹೆದ್ದಾರಿ ಪ್ರಾಧಿಕಾರದ 1033 ಸಹಾಯವಾಣಿ ಇದೆ. ಬರೀ ‘ಹಂಪ್ ಸರಿಯಿಲ್ಲ’ ಎಂದು ಬರೆದರೆ ಸಾಲದು. ವಾಹನ ಸಂಚಾರ ಕಡಿಮೆಯಿರುವ ಹೊತ್ತು ನೋಡಿ, ಅಡ್ಡಲಾಗಿ ನೇರ ಕೋಲಿಟ್ಟು, ಟೇಪಿನಿಂದ ಹಂಪ್‌ನ ಎತ್ತರ ಮತ್ತು ಅಗಲ ಅಳೆದು, ಟೇಪ್ ಕಾಣುವಂತೆ ಫೋಟೊ ತೆಗೆದು, 1988ರ ಮಾರ್ಗಸೂಚಿಯ 10 ಸೆಂ.ಮೀ. ಮತ್ತು 3.7 ಮೀಟರ್ ಅಳತೆಯ ಪಕ್ಕದಲ್ಲಿ ಅದನ್ನು ಬರೆದು ಅರ್ಜಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಒಂದು ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ.