3.2, 4.9, 5.1: ಎಐ ಕೊಡುವ ನಿರುದ್ಯೋಗದ ಲೆಕ್ಕ ಯಾವುದು?

ದೇಶದಲ್ಲಿ ನಿರುದ್ಯೋಗ ಹೆಚ್ಚಾಗಿದೆಯಾ, ಕಡಿಮೆಯಾಗಿದೆಯಾ? ಈ ಪ್ರಶ್ನೆಗೆ ಮೊದಲು ಟಿವಿ ಚರ್ಚೆಗಳಲ್ಲಿ ಜಗಳ ಆಗ್ತಿತ್ತು. ಈಗ ಹಲವರು ನೇರವಾಗಿ ಎಐಯನ್ನೇ ಕೇಳ್ತಾರೆ. ಅದು ಕ್ಷಣದಲ್ಲಿ ಹೀಗೊಂದು ಉತ್ತರ ಕೊಡಬಹುದು: ‘2023-24ರಲ್ಲಿ ಶೇ 3.2ರಷ್ಟಿದ್ದ ನಿರುದ್ಯೋಗ 2025ರ ಏಪ್ರಿಲ್‌ನಲ್ಲಿ ಶೇ 5.1ಕ್ಕೆ ಏರಿದೆ.’

ಎರಡೂ ಸರ್ಕಾರದ್ದೇ ಅಂಕಿ. ಎರಡೂ ಸರಿ. ಆದರೆ ವಾಕ್ಯ ಮಾತ್ರ ತಪ್ಪು.

ಎರಡೂ ಬಂದಿರೋದು ಪಿಎಲ್‌ಎಫ್‌ಎಸ್ ಸಮೀಕ್ಷೆಯಿಂದ. 3.2 ಅನ್ನೋದು ‘ಸಾಮಾನ್ಯ ಸ್ಥಿತಿ’ಯ ಲೆಕ್ಕ. ಹಿಂದಿನ 365 ದಿನಗಳಲ್ಲಿ 30 ದಿನ ಕೆಲಸ ಮಾಡಿದ್ದರೂ ಈ ಲೆಕ್ಕದಲ್ಲಿ ನೀವು ಉದ್ಯೋಗಿ. 5.1 ಅನ್ನೋದು ‘ವಾರದ ಸ್ಥಿತಿ’ಯದ್ದು. ಇಲ್ಲಿ ನೋಡೋದು ಹಿಂದಿನ ಏಳು ದಿನ ಮಾತ್ರ. ಅಷ್ಟರಲ್ಲಿ ಒಂದು ಗಂಟೆ ದುಡಿದಿದ್ದರೆ ಸಾಕು. ಇದೇ ವಾರದ ಲೆಕ್ಕದಲ್ಲಿ 2023-24ರ ಅಂಕಿ ಶೇ 4.9. ಅಂದರೆ ಆ ‘ಜಿಗಿತ’ದ ಬಹುಪಾಲು ಬರೀ ಅಳತೆಗೋಲು ಬದಲಾದದ್ದರ ಫಲ. ಅದೂ ಸಾಲದೆಂಬಂತೆ 2025ರ ಜನವರಿಯಿಂದ ಸಮೀಕ್ಷೆಯ ಮಾದರಿಯೇ ಬದಲಾಗಿದೆ.

ಹಾಗಾದರೆ ಎಐ ಎಡವಿದ್ದು ಎಲ್ಲಿ? ಎಐ ಏಜೆಂಟ್ ಈ ಅಂಕಿಗಳನ್ನು ನೆನಪಿನಿಂದ ಹೇಳಬೇಕಾಗಿಲ್ಲ. ಡೇಟಾ ತಂದುಕೊಡುವ ಸಣ್ಣ ಸಾಫ್ಟ್‌ವೇರ್ ‘ಟೂಲ್’ಗಳನ್ನು ಅದಕ್ಕೆ ಜೋಡಿಸಿರುತ್ತಾರೆ. ಇಂಥ ಜೋಡಣೆಗಾಗಿ ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಎಂಸಿಪಿ ಎಂಬ ಮುಕ್ತ ಮಾನದಂಡ ಪ್ರಕಟಿಸಿತು. ಅದರಲ್ಲಿ ಪ್ರತಿ ಟೂಲ್ ತನ್ನ ಬಗ್ಗೆ ಏಜೆಂಟ್‌ಗೆ ಮುಖ್ಯವಾಗಿ ಮೂರು ಸಂಗತಿ ಹೇಳುತ್ತೆ: ಹೆಸರು, ನಾಲ್ಕು ಸಾಲಿನ ವಿವರಣೆ, ಯಾವ ಯಾವ ಮಾಹಿತಿ ಕೊಟ್ಟು ಕೇಳಬೇಕು ಅನ್ನುವ ಪಟ್ಟಿ. ಟೂಲ್ ಒಳಗಿನ ಕೋಡ್ ಏಜೆಂಟ್‌ಗೆ ಸಾಮಾನ್ಯವಾಗಿ ಕಾಣೋದಿಲ್ಲ. ಯಾವ ಟೂಲ್ ಬಳಸಬೇಕು ಅಂತ ಅದು ತೀರ್ಮಾನಿಸೋದು ಆ ನಾಲ್ಕು ಸಾಲು ಓದಿಯೇ.

ಇಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು, ಡಾಕ್ಯುಮೆಂಟೇಷನ್ ಅಂದರೆ ಕೊನೇ ದಿನ ಗೀಚಿ ಮುಗಿಸುವ ಕೆಲಸ. ಓದುವವನು ಮನುಷ್ಯನಾಗಿದ್ದರೆ ಅನುಮಾನ ಬಂದಾಗ ಯಾರನ್ನಾದರೂ ಕೇಳ್ತಾನೆ. ಏಜೆಂಟ್ ಹಾಗೆ ಕೇಳುತ್ತೆ ಅನ್ನೋ ಖಾತ್ರಿ ಇಲ್ಲ. ವಿವರಣೆಯಲ್ಲಿ ಬಿಟ್ಟುಹೋದ ಜಾಗವನ್ನು ತಾನೇ ಊಹಿಸಿ ತುಂಬಿಬಿಡಬಹುದು.

‘ಭಾರತದ ನಿರುದ್ಯೋಗ ಪ್ರಮಾಣ ಕೊಡುತ್ತದೆ’ ಅಂತಷ್ಟೇ ಬರೆದರೆ ಮೇಲಿನ ತಪ್ಪು ಕಟ್ಟಿಟ್ಟ ಬುತ್ತಿ. ಅದನ್ನೇ ಹೀಗೆ ಬರೆದು ನೋಡಿ: ‘15 ವರ್ಷ ಮೇಲ್ಪಟ್ಟವರು, ವಾರದ ಸ್ಥಿತಿ, ಮಾಸಿಕ, 2025ರ ಏಪ್ರಿಲ್‌ನಿಂದ. ಸಾಮಾನ್ಯ ಸ್ಥಿತಿಯ ವಾರ್ಷಿಕ ಅಂಕಿಯ ಜೊತೆ ಹೋಲಿಸಬೇಡಿ. ಆ ತಿಂಗಳ ಅಂಕಿ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ, ಸೊನ್ನೆ ಕೊಡಬೇಡಿ.’ ಏನು ಮಾಡಬಾರದು ಅಂತ ಹೇಳುವ ಸಾಲುಗಳೇ ಇಲ್ಲಿ ಹೆಚ್ಚು ಬೆಲೆಬಾಳೋದು.

ಇದು ನಮ್ಮ ದೇಶದ ಡೇಟಾಗೆ ಮಾತ್ರ ಅಂಟಿದ ರೋಗ ಅಲ್ಲ. ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ನಡೆಸುವ ‘ಫ್ರೆಡ್’ ತಾಣದಲ್ಲಿ ಜಿಡಿಪಿ ಮೂರು ತಿಂಗಳಿಗೊಮ್ಮೆ ಸಿಗುತ್ತೆ. ಆದರೆ ಅದು ವಾರ್ಷಿಕ ದರಕ್ಕೆ ಪರಿವರ್ತಿಸಿದ ಮೊತ್ತ. ಅದು ಗೊತ್ತಿಲ್ಲದ ಏಜೆಂಟ್ ನಾಲ್ಕು ತ್ರೈಮಾಸಿಕ ಕೂಡಿಸಿದರೆ ಅಮೆರಿಕದ ಆರ್ಥಿಕತೆ ಒಂದೇ ಏಟಿಗೆ ನಾಲ್ಕು ಪಟ್ಟು! ಬೆಳವಣಿಗೆ ದರದ ಕಥೆಯೂ ಅಷ್ಟೇ. ಅಮೆರಿಕ ಹಿಂದಿನ ತ್ರೈಮಾಸಿಕದ ಜೊತೆ ಹೋಲಿಸಿ ವಾರ್ಷಿಕ ದರ ಹೇಳುತ್ತೆ. ನಾವು ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಹೋಲಿಸ್ತೀವಿ. ಎರಡನ್ನೂ ಅಕ್ಕಪಕ್ಕ ಇಟ್ಟು ‘ನಾವು ಮುಂದೆ’ ಅಂತ ಪೋಸ್ಟರ್ ಮಾಡೋ ಮುಂಚೆ ಯೋಚಿಸಬೇಕು.

ಅಂಕಿಗಳು ಆಮೇಲೂ ಬದಲಾಗ್ತವೆ. 2015ರ ಜನವರಿಯಲ್ಲಿ ಮೂಲ ವರ್ಷವನ್ನು 2004-05ರಿಂದ 2011-12ಕ್ಕೆ ಬದಲಿಸಿದಾಗ, 2013-14ರ ಬೆಳವಣಿಗೆ ಶೇ 4.7ರಿಂದ ಶೇ 6.9ಕ್ಕೆ ಹೋಯಿತು. ವರ್ಷ ಅದೇ, ದೇಶ ಅದೇ. ಯಾವಾಗ ಪ್ರಕಟವಾದ, ಯಾವ ಮೂಲ ವರ್ಷದ ಅಂಕಿ ಅಂತ ಟೂಲ್ ಹೇಳದಿದ್ದರೆ, ಯಾರಿಗೆ ಬೇಕಾದ ವಾದಕ್ಕೂ ‘ದಾಖಲೆ’ ಸಿಗುತ್ತೆ.

ಇಷ್ಟಕ್ಕೂ ಕನ್ನಡದಲ್ಲಿ ‘ಕೆಲಸ ಇಲ್ಲದವರು ಎಷ್ಟು?’ ಅಂತ ಕೇಳಿದರೆ ಏನಾಗುತ್ತೆ? ಏಜೆಂಟ್ ನಿರುದ್ಯೋಗ ದರವನ್ನೇ ತಂದು ಮುಂದಿಡಬಹುದು. ಆದರೆ ಕೆಲಸ ಹುಡುಕಿ ಸುಸ್ತಾಗಿ ಕೈಬಿಟ್ಟು, ಈಗ ಕೆಲಸ ಸಿಕ್ಕರೂ ಮಾಡಲು ಸಿದ್ಧರಿಲ್ಲದವರು ಆ ದರದೊಳಗೆ ಬರೋದೇ ಇಲ್ಲ. ಅವರು ಕಾರ್ಮಿಕ ಬಲದಿಂದಲೇ ಹೊರಗೆ. ನಾವು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಯಾವ ವ್ಯಾಖ್ಯೆಯನ್ನು ಡಿಫಾಲ್ಟ್ ಆಗಿ ಇಡಬೇಕು ಅನ್ನೋದು ಬರೀ ತಾಂತ್ರಿಕ ಆಯ್ಕೆ ಅಲ್ಲ. 2023-24ರ ದರ ಶೇ 3.2 ಅಂದರೆ ಸಮಾಧಾನ. ಅದೇ ಸಮೀಕ್ಷೆಯಲ್ಲಿ, ಅದೇ ಸಾಮಾನ್ಯ ಸ್ಥಿತಿಯಲ್ಲಿ 15ರಿಂದ 29 ವಯಸ್ಸಿನವರ ದರ ಶೇ 10.2. ಅಂದರೆ ಈ ಲೇಖನ ಓದುತ್ತಿರುವ ಬಹುತೇಕರ ಲೆಕ್ಕ. ಟೂಲ್ ವಿವರಣೆಯಲ್ಲಿ ವಯಸ್ಸಿನ ಆಯ್ಕೆಯ ಪ್ರಸ್ತಾಪವೇ ಇಲ್ಲದಿದ್ದರೆ ಏಜೆಂಟ್ ಅದನ್ನು ಹುಡುಕೋದೂ ಇಲ್ಲ, ನಿಮಗೆ ಕಾಣೋದೂ ಇಲ್ಲ.

ಇಂಥ ಅನೇಕ ಟೂಲ್‌ಗಳು ಓಪನ್ ಸೋರ್ಸ್. ವಿವರಣೆ ಎಲ್ಲರೂ ಓದಬಹುದು, ತಿದ್ದಬಹುದು. ಕೋಡಿಂಗ್ ಬರೋರು ಒಂದು ಸಾಲು ಸೇರಿಸಿ ಕಳಿಸಿ. ಬರದಿದ್ದರೆ, ಎಐ ಅಂಕಿ ಕೊಟ್ಟಾಗ ನಾಲ್ಕು ಪ್ರಶ್ನೆ ಕೇಳಿ: ಯಾವ ವ್ಯಾಖ್ಯೆ? ಯಾವ ವಯಸ್ಸು? ಯಾವ ಅವಧಿ? ಯಾವಾಗ ಪ್ರಕಟವಾದದ್ದು? ಉತ್ತರ ಬರದಿದ್ದರೆ ಆ ಅಂಕಿಯನ್ನು ಫಾರ್ವರ್ಡ್ ಮಾಡಬೇಡಿ.