ಗ್ಯಾಸ್ ಒಂದೇ, ಲೋಹ ಬೇರೆ ಬೇರೆ

ಕಚ್ಚಾತೈಲ ಇಲ್ಲದೆ ಡೀಸೆಲ್ ಮಾಡೋಕಾಗುತ್ತಾ? ಆಗುತ್ತೆ. ಎಣ್ಣೆ ಕಡಿಮೆ, ಕಲ್ಲಿದ್ದಲು ಹೇರಳವಾಗಿದ್ದ ಜರ್ಮನಿಯಲ್ಲಿ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಶ್ 1920ರ ದಶಕದಲ್ಲೇ ಇದರ ದಾರಿ ತೋರಿಸಿದರು.

ಮೊದಲ ಹಂತ ಗ್ಯಾಸ್ ಮಾಡೋದು. ಕಲ್ಲಿದ್ದಲು, ನೈಸರ್ಗಿಕ ಅನಿಲ, ಕಟ್ಟಿಗೆ, ಕಬ್ಬಿನ ಸಿಪ್ಪೆ ಹೀಗೆ ಕಾರ್ಬನ್ ಇರುವ ವಸ್ತುವನ್ನು ಹೆಚ್ಚಿನ ಶಾಖದಲ್ಲಿ ನೀರಾವಿ, ಆಮ್ಲಜನಕದ ಜೊತೆ ವರ್ತಿಸುವಂತೆ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಿಗುತ್ತವೆ. ಈ ಮಿಶ್ರಣವೇ ಸಿನ್‌ಗ್ಯಾಸ್. ಮುಂದೆ ಅದು ಏನಾಗಬೇಕು ಅನ್ನೋದನ್ನು ಬಹುಮಟ್ಟಿಗೆ ನಿರ್ಧರಿಸೋದು ಕ್ಯಾಟಲಿಸ್ಟ್, ಅಂದರೆ ವೇಗವರ್ಧಕ.

ತಾಮ್ರ-ಸತುವಿನ ಆಕ್ಸೈಡ್ ಇಟ್ಟರೆ ಕಾರ್ಬನ್-ಆಮ್ಲಜನಕದ ಬಂಧ ಪೂರ್ತಿ ಮುರಿಯುವುದಿಲ್ಲ, ಮೆಥನಾಲ್ ಬರುತ್ತೆ. ನಿಕ್ಕಲ್ ಇಟ್ಟರೆ ಬಂಧ ಮುರಿದು, ಕಾರ್ಬನ್ ಬೇಗ ಹೈಡ್ರೋಜನ್ ಹಿಡಿದು ಮೀಥೇನ್ ಆಗಿ ಹೊರಟುಬಿಡುತ್ತೆ. ಕಬ್ಬಿಣ, ಕೋಬಾಲ್ಟ್ ಮೇಲಾದರೆ ಕಾರ್ಬನ್ ತುಣುಕುಗಳು ಸ್ವಲ್ಪ ಹೊತ್ತು ನಿಂತು ಒಂದಕ್ಕೊಂದು ಸೇರಿ ಸರಪಳಿ ಬೆಳೆಸುತ್ತವೆ.

ಹೂ ಕಟ್ಟುವಾಗ ಪ್ರತಿ ಹೂವಿನ ನಂತರ 'ಇನ್ನೊಂದು ಸೇರಿಸೋಣವಾ, ಗಂಟು ಹಾಕೋಣವಾ' ಅಂತ ಚೀಟಿ ಎತ್ತಿದ ಹಾಗೆ ಇದು. ಹಾಗಾಗಿ ಒಂದೇ ಉದ್ದದ ಸರಪಳಿ ಸಿಗಲ್ಲ; ಮೀಥೇನ್‌ನಿಂದ ಮೇಣದವರೆಗೆ ಎಲ್ಲವೂ ಬರುತ್ತೆ. ಡೀಸೆಲ್ ಬೇಕಾದವರು ಬೇಕಂತಲೇ ಉದ್ದನೆಯ ಮೇಣ ಮಾಡಿಕೊಂಡು, ಆಮೇಲೆ ಅದನ್ನು ಹೈಡ್ರೋಜನ್ ಜೊತೆ ತುಂಡರಿಸುತ್ತಾರೆ.

ಹಾಗಾದರೆ ಕಬ್ಬಿಣವೋ ಕೋಬಾಲ್ಟೋ? ಈ ಕ್ರಿಯೆಗೆ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್‌ಗೆ ಸುಮಾರು ಎರಡು ಪಾಲು ಹೈಡ್ರೋಜನ್ ಬೇಕು. ನೈಸರ್ಗಿಕ ಅನಿಲದಿಂದ ಅಷ್ಟು ಸಿಗುತ್ತೆ. ಅದಕ್ಕೇ ಕತಾರ್‌ನ ಶೆಲ್ ಘಟಕದಲ್ಲಿ ಕೋಬಾಲ್ಟ್. ಕಲ್ಲಿದ್ದಲಿನ ಗ್ಯಾಸ್‌ನಲ್ಲಿ ಹೈಡ್ರೋಜನ್ ಕಡಿಮೆ. ಅಗ್ಗದ ಕಬ್ಬಿಣ ಅಲ್ಲೇ ಇನ್ನೊಂದು ಕೆಲಸವನ್ನೂ ಮಾಡುತ್ತೆ: ಕಾರ್ಬನ್ ಮಾನಾಕ್ಸೈಡನ್ನು ನೀರಿನ ಜೊತೆ ವರ್ತಿಸುವಂತೆ ಮಾಡಿ ಹೈಡ್ರೋಜನ್ ಕೊಡುತ್ತೆ. 1955ರಿಂದ ಕಲ್ಲಿದ್ದಲಿನಿಂದ ಇಂಧನ ಮಾಡುತ್ತಿರುವ ದಕ್ಷಿಣ ಆಫ್ರಿಕಾದ ಸಾಸೋಲ್ ಕಬ್ಬಿಣವನ್ನು ನೆಚ್ಚಿಕೊಂಡದ್ದು ಇದರಿಂದಲೇ.

ಆದರೆ ಹಾಗೆ ಸಿಗುವ ಪ್ರತಿ ಹೈಡ್ರೋಜನ್ ಅಣುವಿನ ಜೊತೆ ಒಂದು ಕಾರ್ಬನ್ ಡೈಆಕ್ಸೈಡ್ ಅಣುವೂ ಹುಟ್ಟುತ್ತೆ. ಸಾಸೋಲ್‌ನ ಸೆಕುಂಡಾ ಘಟಕ ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುವ ತಾಣಗಳಲ್ಲೊಂದು.

ಆದ್ದರಿಂದ 'ಪೆಟ್ರೋಲಿಯಂ ಅಲ್ಲ' ಅಂದ ಮಾತ್ರಕ್ಕೆ 'ಹಸಿರು' ಅಂತಲ್ಲ. ಇಂಥ ಯಾವುದೇ ಹೊಸ ಪ್ರಾಜೆಕ್ಟ್ ಬಗ್ಗೆ ಓದಿದಾಗ ಕ್ಯಾಟಲಿಸ್ಟ್ ಯಾವುದು ಅಂತ ಕೇಳಿ. ಜೊತೆಗೆ ಕಾರ್ಬನ್ ಎಲ್ಲಿಂದ, ಹೈಡ್ರೋಜನ್ ಎಲ್ಲಿಂದ ಅಂತಾನೂ ಕೇಳಿ.