ದಾರಿ ತಪ್ಪಿದ ಮಗನಿಗೆ ಜಮಾಅತ್ ಜಾಮೀನು ನಿಲ್ಲುವುದೇ?

ಕಳೆದ ತಿಂಗಳು ಮದ್ರಸ ಬಿಟ್ಟ ಮೇಲೆ ಒಬ್ಬ ತಾಯಿ ಬಾಗಿಲ ಬಳಿ ನಿಂತಿದ್ದರು. ಹದಿನಾರು ವರ್ಷದ ಮಗ ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿಬಿದ್ದಿದ್ದ. “ಪ್ರೊಬೇಷನ್ ಆಫೀಸರ್ ಮನೆಗೆ ಬರ್ತಾರಂತೆ ಉಸ್ತಾದ್. ಊರಿಗೆಲ್ಲ ಗೊತ್ತಾಗ್ತದೆ. ಬೀಗ ಹಾಕಿ ತವರಿಗೆ ಹೋಗಲಾ?” ಅಂತ ಕೇಳಿದರು.

ಹೋಗಬೇಡಿ ಅಂದೆ. ಪ್ರೊಬೇಷನ್ ಆಫೀಸರ್ ಅಂದರೆ ಪೊಲೀಸ್ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ 18 ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಹುಡುಗನ ಮನೆ, ಶಾಲೆ, ಸಹವಾಸ ವಿಚಾರಿಸಿ ಪ್ರೊಬೇಷನ್ ಆಫೀಸರ್ ಎರಡು ವಾರದಲ್ಲಿ ವರದಿ ಕೊಡಬೇಕು. ಮನೆಗೆ ಬೀಗ ಕಂಡರೆ ಅವರು ಏನಂತ ಬರೆದಾರು? ನೋಡಿಕೊಳ್ಳುವವರಿಲ್ಲ ಅಂತಲೇ ಅಲ್ಲವೇ?

ತಪ್ಪು ಸಾಬೀತಾದರೂ ವಿಶೇಷ ಗೃಹಕ್ಕೆ ಕಳಿಸುವುದೊಂದೇ ದಾರಿಯಲ್ಲ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು. ಒಂದು ಸಂಸ್ಥೆಯ ಅಥವಾ ವ್ಯಕ್ತಿಯ ಉಸ್ತುವಾರಿಯಲ್ಲಿ ಸಮುದಾಯ ಸೇವೆ ಮಾಡಿಸಬಹುದು. ಮೂರು ವರ್ಷ ಮೀರದಂತೆ ಸನ್ನಡತೆಯ ಮೇಲೆ ಬಿಟ್ಟು, ಹೆತ್ತವರಿಗೋ ಮಂಡಳಿ ಪರಿಶೀಲಿಸಿ ಒಪ್ಪಿದ ‘ಯೋಗ್ಯ ವ್ಯಕ್ತಿ’ಗೋ ‘ಯೋಗ್ಯ ಸಂಸ್ಥೆ’ಗೋ ಒಪ್ಪಿಸಬಹುದು. ಅಂದರೆ ಈ ಕೆಲಸ ಸರಕಾರದ್ದು ಮಾತ್ರವಲ್ಲ, ಊರಿನದ್ದೂ ಹೌದು.

ಬೇರೆ ಕಡೆ ಇದು ಇನ್ನೂ ಮುಂದೆ ಹೋಗಿದೆ. ಅಮೆರಿಕದ ನ್ಯೂಯಾರ್ಕ್ ನಗರ 2012ರಿಂದ ಇಂಥ ಮಕ್ಕಳನ್ನು ದೂರದ ದೊಡ್ಡ ಕೇಂದ್ರಗಳಿಗೆ ಕಳಿಸುವ ಬದಲು, ಮನೆಗೆ ಹತ್ತಿರದ ಸಣ್ಣ ಗೃಹಗಳಲ್ಲಿ ಇರಿಸುತ್ತಿದೆ. ಅವನ್ನು ನಡೆಸುವುದು ನಗರದ ಜೊತೆ ಒಪ್ಪಂದ ಮಾಡಿಕೊಂಡ ಸೇವಾ ಸಂಸ್ಥೆಗಳು. ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳಬಾರದು, ಸರಕಾರದ ಕಣ್ಣು ಇರಲೇಬೇಕು. ಆದರೆ ಮನೆಯವರ ಕಷ್ಟ ಹತ್ತಿರದವರಿಗೆ ಬೇಗ ಅರ್ಥವಾಗ್ತದೆ.

ನಮ್ಮಲ್ಲಿ ಮದುವೆಗೆ, ಮಯ್ಯತಿಗೆ, ಆಸ್ಪತ್ರೆಗೆ ಓಡುವವರಿದ್ದಾರೆ. ಇದಕ್ಕೆ ಯಾರೂ ಇಲ್ಲ. ಪ್ರತಿ ಜಮಾಅತಿನಿಂದ ಇಬ್ಬರು ಮೂವರು, ಹೆಂಗಸರೂ ಸೇರಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ‘ನಾವಿದ್ದೇವೆ’ ಅಂತ ಹೇಳಲಿ. ಹುಡುಗನನ್ನು ಪುನಃ ಶಾಲೆಗೆ ಸೇರಿಸುವುದು, ಕೆಲಸ ಕಲಿಸುವುದು, ವಾರಕ್ಕೊಮ್ಮೆ ಮನೆಗೆ ಹೋಗಿ ಮಾತಾಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅವನ ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ ಅನ್ನುತ್ತದೆ ಕಾನೂನು. ನಮ್ಮ ಬಾಯಲ್ಲೂ ಬರುವುದು ಬೇಡ.

“ಮಂಡಳಿಗೆ ನೀವೂ ಬರ್ತೀರಾ?” ಎಂದು ಆ ತಾಯಿ ಕೇಳಿದಾಗ ನಾನು ತಕ್ಷಣ ಹ್ಞೂಂ ಅನ್ನಲಿಲ್ಲ. ಜನ ಏನೆಂದಾರು ಎಂಬ ಅಳುಕು ನನಗೂ ಇತ್ತು. ಆ ಹುಡುಗ ನನ್ನ ಮುಂದೆಯೇ ಕೂತು ಅಲಿಫ್ ಕಲಿತವನು. ಮರುದಿನ ಬೆಳಗ್ಗೆ ಫೋನ್ ಮಾಡಿ ಬರ್ತೇನೆ ಅಂದೆ. ಕೇಸು ಇನ್ನೂ ಮುಗಿದಿಲ್ಲ, ಈಗಲೂ ಜೊತೆಗೆ ಹೋಗುತ್ತಿದ್ದೇನೆ.